ಆಲ್ಟರೇಷನ್ ಟೇಬಲ್ ಮೇಲೆ ಬಿಚ್ಚಿದ ಕೋಟುಗಳು ಕಲಿಸಿದ್ದು

ನಾನು ಬೆಂಗಳೂರಿನ ಪೇಟೆ ಕಡೆ ಒಂದು ಕೋಟಿನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಾಜಾ ಹುಡುಗನಾಗಿ ಸೇರಿದೆ. ಗುಂಡಿ ಹಾಕಿ, ಗುಂಡಿ ತೂರಿಸುವ ತೂತು ಅಂದರೆ ಕಾಜಾ ಹೊಲಿದು, ಹೆಮ್ಮಿಂಗ್ ಮಾಡಿ ಕೈ ಪಳಗಿತು. ಈಗ 17 ವರ್ಷ ಆಯಿತು. 8 ವರ್ಷದಿಂದ ಆಲ್ಟರೇಷನ್ ಕೆಲಸ ಪೂರ್ತಿ ನನ್ನದೇ. ಹೊಸ ಕೋಟು ಹೊಲಿಯುವವರು ದಿನಾ ನೋಡುವುದು ತಮ್ಮ ಅಂಗಡಿಯ ಕೋಟನ್ನು. ನನ್ನ ಟೇಬಲ್‌ಗೆ ಮಾತ್ರ ಯಾರ್ಯಾರೋ ಎಲ್ಲೆಲ್ಲೋ ಹೊಲಿದ ಕೋಟುಗಳು ಬರುತ್ತವೆ, ಹೊರಗಿನಿಂದ ಅಣ್ಣತಮ್ಮಂದಿರ ತರ ಕಾಣುವ ಎರಡು ಕೋಟುಗಳ ಲೈನಿಂಗ್ ಬಿಚ್ಚಿದರೆ ಒಂದಕ್ಕೊಂದು ಸಂಬಂಧವೇ ಇರಲ್ಲ.

ಹೋದ ಮದುವೆ ಸೀಸನ್‌ನಲ್ಲಿ ಒಬ್ಬರು ತಮ್ಮ ತಂದೆಯ ಮದುವೆ ಕೋಟು ತಂದರು. ತಂಗಿ ಮದುವೆಗೆ ಅದನ್ನೇ ಹಾಕಬೇಕು ಅಂತ ಆಸೆ. "ಮಾಸ್ಟರ್, ಹೊಟ್ಟೆ ಹತ್ತಿರ ಗುಂಡಿ ಬೀಳ್ತಿಲ್ಲ, ಸ್ವಲ್ಪ ಬಿಡೋಕೆ ಆಗುತ್ತಾ?" ಅಂದರು. ಲೈನಿಂಗ್ ಬಿಚ್ಚಿ ನೋಡಿದರೆ ಬೆನ್ನಿನ ನಡು ಹೊಲಿಗೆಯಲ್ಲೂ ಪಕ್ಕದ ಹೊಲಿಗೆಯಲ್ಲೂ ಸುಮಾರು ಒಂದೊಂದು ಇಂಚು ಬಟ್ಟೆ ಮಡಿಸಿ ಇಟ್ಟಿದ್ದರು. ಆ ಕಾಲದ ಯಾವುದೋ ಟೈಲರ್, ಈ ಹುಡುಗ ಮುಂದೆ ದಪ್ಪ ಆಗುತ್ತಾನೆ ಅಂತ ಯೋಚನೆ ಮಾಡಿ ಬಿಟ್ಟ ಮಾರ್ಜಿನ್ ಅದು. ಎರಡು ಇಂಚು ಆರಾಮಾಗಿ ಬಿಟ್ಟೆ. ಹಳೇ ಹೊಲಿಗೆ ಇದ್ದ ಕಡೆ ಸಣ್ಣ ಗೆರೆ ಉಳಿಯಿತು, ಸ್ಟೀಮ್ ಕೊಟ್ಟು ಬ್ರಷ್ ಮಾಡಿದರೂ ಪೂರ್ತಿ ಹೋಗಲಿಲ್ಲ. ಅವರು ಅದರ ಮೇಲೆ ಬೆರಳು ಆಡಿಸಿ, "ಇರಲಿ ಬಿಡಿ, ಅಪ್ಪನ ಅಳತೆ ಅಲ್ವಾ" ಅಂದರು.

ಅದೇ ವಾರ ಇನ್ನೊಬ್ಬರು ಒಂದು ದುಬಾರಿ ರೆಡಿಮೇಡ್ ಕೋಟು ತಂದರು. ಬಟ್ಟೆ ನಿಜವಾಗಲೂ ಚೆನ್ನಾಗಿತ್ತು, ಒಳಗೆ ಲೇಬಲ್ ಮೇಲೆ ಸೂಪರ್ 150 ಅಂತ ಇತ್ತು. ಅವರಿಗೂ ಬೇಕಿದ್ದದ್ದು ಒಂದೇ ಇಂಚು. ಒಳಗೆ ಇದ್ದ ಮಾರ್ಜಿನ್ ಕಾಲಿಂಚಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಆಗಲ್ಲ ಸರ್ ಅಂತ ಹೇಳಿ ವಾಪಸ್ ಕಳಿಸಬೇಕಾಯಿತು. ಒಂದು ವಿಷಯ ಗೊತ್ತಿರಲಿ, ಆ ಸೂಪರ್ ನಂಬರ್ ಹೇಳುವುದು ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವುದನ್ನು ಮಾತ್ರ. ನಂಬರ್ ಏರಿದಷ್ಟೂ ಬಟ್ಟೆ ನಯ, ಜೊತೆಗೆ ನಾಜೂಕು ಕೂಡ. ಕೋಟು ಹೇಗೆ ಹೊಲಿದಿದ್ದಾರೆ ಅಂತ ಆ ನಂಬರ್ ನೋಡಿ ಗೊತ್ತಾಗಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ನಾನು ಮೊದಲು ಕೈ ಇಡುವುದು ಕೋಟಿನ ಎದುರುಗಡೆ, ಕೆಳಗಿನ ಕಾಜಾದ ಹತ್ತಿರ. ಹೊರಗಿನ ಬಟ್ಟೆಯನ್ನು ಒಂದು ಕೈಯಲ್ಲಿ, ಒಳಗಿನ ಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಚಿವುಟಿ ಹಿಡಿದು ಮೆಲ್ಲಗೆ ದೂರ ಎಳೆಯಿರಿ. ನಡುವೆ ಮೂರನೇ ಪದರ ಒಂದು ಸಡಿಲವಾಗಿ ಜಾರಿದ ಹಾಗೆ ಬೆರಳಿಗೆ ಸಿಕ್ಕರೆ ಅದು ಕ್ಯಾನ್ವಾಸ್, ಅಂದರೆ ಕೋಟಿನ ಎದುರುಗಡೆಗೆ ಆಕಾರ ಕೊಡುವ ಒಳಪದರ. ಅಲ್ಲಿ ಸಿಗದೆ ಎದೆ ಹತ್ತಿರ ಮಾತ್ರ ಸಿಕ್ಕರೆ ಹಾಫ್ ಕ್ಯಾನ್ವಾಸ್. ಎಲ್ಲೂ ಸಿಗದೆ ಹೊರಗಿನ ಬಟ್ಟೆಯೇ ಸ್ವಲ್ಪ ಗಟ್ಟಿ ಅನ್ನಿಸಿದರೆ ಅದು ಫ್ಯೂಸಿಂಗ್, ಅಂದರೆ ಅಂಟು ಇರುವ ಬಟ್ಟೆಯನ್ನು ಬಿಸಿಯಲ್ಲಿ ಒತ್ತಿ ಅಂಟಿಸಿದ್ದು. ಒಳ್ಳೆ ಕ್ಯಾನ್ವಾಸ್‌ನಲ್ಲಿ ಕುದುರೆ ಕೂದಲು ಸೇರಿಸಿ ನೇಯ್ದಿರುತ್ತಾರೆ. ಮುದುರಿ ಬಿಟ್ಟರೆ ತಾನೇ ಎದ್ದು ನಿಲ್ಲುತ್ತದೆ. ಅದನ್ನು ಅಂಟಿಸುವುದಿಲ್ಲ, ಹೊಲಿಗೆಯಲ್ಲೇ ಕೂರಿಸುತ್ತಾರೆ. ಹಾಗಾಗಿ ಹಾಕಿದಷ್ಟೂ ಮೈಯ ಆಕಾರಕ್ಕೆ ಬರುತ್ತದೆ.

ಫ್ಯೂಸಿಂಗ್ ಅಂದರೆ ಮೋಸ ಅಂತ ನಾನು ಹೇಳಲ್ಲ. ಕಡಿಮೆ ದುಡ್ಡಿನ ಕೋಟಿಗೆ ಕ್ಯಾನ್ವಾಸ್ ಕೇಳಿದರೆ ಯಾರಿಗೂ ಗಿಟ್ಟುವುದಿಲ್ಲ, ಮೆಷಿನ್ ಪ್ರೆಸ್‌ನಲ್ಲಿ ಸರಿಯಾದ ಬಿಸಿ, ಸರಿಯಾದ ಒತ್ತಡ, ಸರಿಯಾದ ಸಮಯ ಕೊಟ್ಟು ಮಾಡಿದ ಫ್ಯೂಸಿಂಗ್ ವರ್ಷಗಟ್ಟಲೆ ಬಾಳುತ್ತದೆ. ಕೈ ಇಸ್ತ್ರಿಯಲ್ಲಿ ಅವಸರವಾಗಿ ಅಂಟಿಸಿದ್ದೇ ಅಪಾಯ. ಆ ಅವಸರ ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ, ಮುಹೂರ್ತಗಳು ಸಾಲುಸಾಲಾಗಿದ್ದ ಸಮಯ, ರಾತ್ರಿ ಹನ್ನೊಂದರ ಮೇಲೆ ಒಂದು ಕೋಟಿನ ಎದೆ ಭಾಗಕ್ಕೆ ಇಸ್ತ್ರಿ ಪೆಟ್ಟಿಗೆ ಸುಮ್ನೆ ಓಡಿಸಿ ಮುಗಿಸಿದೆ. ಕೋಟು ಹೋಗುವಾಗ ಕನ್ನಡಿ ತರ ಇತ್ತು. ಎರಡು ಸಲ ಡ್ರೈ ಕ್ಲೀನ್ ಆದ ಮೇಲೆ ವಾಪಸ್ ಬಂತು. ಎದೆ ತುಂಬ ದೋಸೆ ಮೇಲೆ ಏಳುವ ಹಾಗೆ ಗುಳ್ಳೆ. ಇಸ್ತ್ರಿ ಮಾಡಿದರೆ ಕೂರುತ್ತದೆ, ನಾಲ್ಕು ದಿನಕ್ಕೆ ಮತ್ತೆ ಏಳುತ್ತದೆ, ಯಾಕೆಂದರೆ ಒಳಗೆ ಅಂಟು ಅಲ್ಲಲ್ಲಿ ಬಿಟ್ಟುಹೋಗಿರುತ್ತದೆ. ಅದಕ್ಕೆ ರಿಪೇರಿ ಇಲ್ಲ. ನಮ್ಮ ಅಂಗಡಿಯ ಮಾಸ್ಟರ್ ನನ್ನನ್ನು ಬೈಯಲಿಲ್ಲ. ಕೋಟು ನನ್ನ ಕೈಗೆ ಕೊಟ್ಟು, "ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡೋ, ಎಲ್ಲೆಲ್ಲಿ ಬಿಟ್ಟಿದೆ ಹೇಳು" ಅಂದರು. ಅವತ್ತಿನಿಂದ ಕೋಟು ಅಂದರೆ ನಾನು ಮೊದಲು ಮುಟ್ಟುತ್ತೇನೆ, ಆಮೇಲೆ ನೋಡುತ್ತೇನೆ.

ಆಮೇಲೆ ಲ್ಯಾಪೆಲ್, ಅಂದರೆ ಕಾಲರ್‌ನ ಕೆಳಗೆ ಎದೆ ಮೇಲೆ ಹೊರಕ್ಕೆ ತಿರುಗಿರುವ ಭಾಗ. ಅದು ಎದೆಯಿಂದ ಗುಂಡಿಯ ತನಕ ಉರುಳಿದ ಹಾಗೆ ಬರಬೇಕು, ಪೇಪರ್ ಮಡಿಸಿದ ಹಾಗೆ ಗೆರೆ ಬೀಳಬಾರದು. ಕ್ಯಾನ್ವಾಸ್‌ಗೂ ಬಟ್ಟೆಗೂ ಸೇರಿಸಿ ನೂರಾರು ಸಣ್ಣ ಹೊಲಿಗೆ ಹಾಕುತ್ತಾ, ಹಾಕುವಾಗಲೇ ಬೆರಳ ಮೇಲೆ ಬಾಗಿಸಿ ಹಿಡಿದರೆ ಆ ಉರುಳು ಬಟ್ಟೆಯೊಳಗೇ ಸೇರಿಕೊಳ್ಳುತ್ತದೆ. ದಯವಿಟ್ಟು ಅಂಥ ಕೋಟನ್ನು ಗಾಡಿಯ ಇಸ್ತ್ರಿಗೆ ಕೊಡಬೇಡಿ. ಅವರು ಪಾಪ ಶರ್ಟ್ ತರ ಚಪ್ಪಟೆ ಒತ್ತಿ ಕೊಡುತ್ತಾರೆ. ಲ್ಯಾಪೆಲ್ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುವ ಹೊಲಿಗೆ ನೋಡಿ ಕೈಕೆಲಸ ಅಂತ ತೀರ್ಮಾನ ಮಾಡಬೇಡಿ, ಅದನ್ನು ಹಾಕುವ ಮೆಷಿನ್ ಬಂದು ಎಷ್ಟೋ ಕಾಲ ಆಯಿತು.

ತೋಳು ಕೂರಿಸುವುದು ನನ್ನ ಪ್ರಕಾರ ಕೋಟಿನಲ್ಲಿ ಅತಿ ಕಷ್ಟದ ಕೆಲಸ. ತೋಳಿನ ಮೇಲ್ಭಾಗದ ಸುತ್ತಳತೆ ಕಂಕುಳ ಸುತ್ತಿನ ಅಳತೆಗಿಂತ ಒಂದು, ಒಂದೂವರೆ ಇಂಚು ಜಾಸ್ತಿ ಇರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ಒಂದೂ ನೆರಿಗೆ ಕಾಣದ ಹಾಗೆ ಒಳಗೆ ಕುಗ್ಗಿಸಿ ಹೊಲಿಯಬೇಕು. ಸರಿಯಾಗಿ ಕೂತಿದ್ದರೆ ಭುಜದಿಂದ ತೋಳು ನೀರು ಇಳಿದ ಹಾಗೆ ಇಳಿಯುತ್ತದೆ. ಕೈ ಎತ್ತಿದರೆ ಇಡೀ ಕೋಟು ಮೇಲೆ ಬರಬಾರದು, ಬಂದರೆ ಕಂಕುಳು ತುಂಬ ಕೆಳಗೆ ಕತ್ತರಿಸಿದ್ದಾರೆ ಅಂತ ಅರ್ಥ. ಚೌಕಳಿ ಬಟ್ಟೆ ಆದರೆ ಇನ್ನೂ ಸುಲಭವಾಗಿ ಗೊತ್ತಾಗುತ್ತದೆ. ಎದೆಯ ಅಡ್ಡ ಗೆರೆ ತೋಳಿನ ಮೇಲೂ ಹಾಗೇ ಮುಂದುವರಿಯಬೇಕು, ಜೇಬಿನ ಮುಚ್ಚಳದಲ್ಲಿ ಗೆರೆ ತಪ್ಪಬಾರದು, ಕಾಲರ್‌ನ ಹಿಂದೆ ನಡುವಿನ ಗೆರೆ ಬೆನ್ನಿನ ಗೆರೆಗೆ ಸೇರಬೇಕು. ಇದಕ್ಕೆ ಬಟ್ಟೆ ಜಾಸ್ತಿ ಬೇಕು. ಬಟ್ಟೆ ಉಳಿಸುವವರು ಮೊದಲು ಕೈ ಬಿಡುವುದು ಇಲ್ಲೇ.

ಕಾಜಾ ನನ್ನ ಹಳೇ ಕೆಲಸ, ಅದರ ಮೇಲೆ ಪ್ರೀತಿ ಜಾಸ್ತಿ. ಕೈ ಕಾಜಾದಲ್ಲಿ ಮೊದಲು ಬಟ್ಟೆ ಕತ್ತರಿಸಿ ಆಮೇಲೆ ಅಂಚು ಹೊಲಿಯುತ್ತೇವೆ, ಅದಕ್ಕೇ ಎಳೆ ಹೊರಗೆ ಬರಲ್ಲ. ಮೆಷಿನ್‌ನಲ್ಲಿ ಸಾಮಾನ್ಯವಾಗಿ ಹೊಲಿದ ಮೇಲೆ ಕತ್ತರಿಸುತ್ತಾರೆ, ನಡುವೆ ಮೀಸೆ ತರ ಎಳೆ ಇಣುಕುತ್ತದೆ. ತೋಳಿನ ತುದಿಯ ಗುಂಡಿ ನಿಜವಾಗಿ ಬಿಚ್ಚೋಕೆ ಆದರೆ ಅದು ಒಳ್ಳೆ ಕೋಟು ಅಂತ ತುಂಬ ಜನ ನಂಬಿದ್ದಾರೆ. ನನಗೆ ರೆಡಿಮೇಡ್‌ನಲ್ಲಿ ಅದನ್ನು ಕಂಡರೆ ಭಯ. ಕಾಜಾ ಕತ್ತರಿಸಿ ಆದ ಮೇಲೆ ತೋಳನ್ನು ಕೆಳಗಿನಿಂದ ಗಿಡ್ಡ ಮಾಡೋಕೆ ಆಗಲ್ಲ. ಭುಜದಿಂದ ಇಡೀ ತೋಳು ಬಿಚ್ಚಬೇಕು, ಖರ್ಚು ಎಲ್ಲಿಗೋ ಹೋಗುತ್ತದೆ.

ಲೈನಿಂಗ್‌ನಲ್ಲಿ ಒಂದೇ ಮಾತು. ಬೆನ್ನಿನ ನಡುವೆ ಉದ್ದಕ್ಕೆ ಒಂದು ಮಡಿಕೆ ಇದೆಯಾ ನೋಡಿ. ಅದು ಇಲ್ಲದಿದ್ದರೆ ನೀವು ಕೈ ಮುಂದೆ ಚಾಚಿದಾಗ ಲೈನಿಂಗ್ ಎಳೆದು ಕಂಕುಳ ಹತ್ತಿರ ಹರಿಯುತ್ತದೆ. ನನ್ನ ಹತ್ತಿರ ಬರುವ ಹರಿದ ಲೈನಿಂಗ್‌ಗಳಲ್ಲಿ ಜಾಸ್ತಿ ಇಂಥವೇ.

ಹೊಲಿಸುವವರಿಗೆ ಒಂದು ಅನುಕೂಲ ಇದೆ, ತುಂಬ ಜನ ಅದನ್ನು ಬಳಸಿಕೊಳ್ಳುವುದೇ ಇಲ್ಲ. ಕಚ್ಚಾ ಹೊಲಿಗೆಯ ಟ್ರಯಲ್‌ಗೆ ಕರೆದಾಗ ಕೋಟಿಗೆ ಇನ್ನೂ ಲೈನಿಂಗ್ ಹಾಕಿರಲ್ಲ, ಬಿಳಿ ದಾರದಲ್ಲಿ ಸುಮ್ನೆ ಹಿಡಿದಿಟ್ಟಿರುತ್ತಾರೆ. ಜನ ಕನ್ನಡಿ ನೋಡಿಕೊಂಡು, ಚೆನ್ನಾಗಿದೆ ಅಂತ ಹೇಳಿ ಹೊರಟುಬಿಡುತ್ತಾರೆ. ಕೋಟು ಬಿಚ್ಚಿ ತಿರುಗಿಸಿ ನೋಡಿ. ಕ್ಯಾನ್ವಾಸ್ ಎಲ್ಲಿಂದ ಎಲ್ಲಿಗೆ ಬಂದಿದೆ, ಬೆನ್ನಲ್ಲಿ ಮಾರ್ಜಿನ್ ಎಷ್ಟು ಬಿಟ್ಟಿದ್ದಾರೆ, ಎಲ್ಲ ಕಣ್ಣಿಗೇ ಕಾಣುತ್ತದೆ. ಮಾರ್ಜಿನ್ ಕಡಿಮೆ ಅನ್ನಿಸಿದರೂ, ಲ್ಯಾಪೆಲ್ ಅಗಲ ಅನ್ನಿಸಿದರೂ ಅವತ್ತೇ ಕೇಳಿ. ನಮ್ಮ ಅಂಗಡಿಯಲ್ಲಿ ಹಾಗೆ ಕೇಳಿದರೆ ನಾವು ಟೇಬಲ್ ಮೇಲೆ ಹರಡಿ ತೋರಿಸುತ್ತೇವೆ.