ರಾಡ್ ಕೆಟ್ಟಿಲ್ಲ

"ಈ ರಾಡ್ ಹೋಯ್ತು ಕಣೋ, ಬಕೆಟ್ ನೀರು ಕಾಯೋಕೆ ಯುಗ ಹಿಡಿಯುತ್ತೆ. ಹೊಸದು ತಂದ್ಬಿಡು" ಅಂದ್ರು ಅಮ್ಮ, ಬೆಳಿಗ್ಗೆ ಬೆಳಿಗ್ಗೆನೇ.

ಪಂಪ್ ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ಹತ್ರ ಕರೆಂಟ್ ಅಳೆಯೋ ಕ್ಲಾಂಪ್ ಮೀಟರ್ ಇತ್ತು. ರಾಡ್‌ನ ಒಂದೇ ವೈರ್ ಸುತ್ತ ಹಿಡಿದು ನೋಡಿದ್ರು, 5.1 ಆಂಪಿಯರ್.
ಸಾಕೆಟ್‌ನಲ್ಲಿ 180 ವೋಲ್ಟ್.

ವೋಲ್ಟನ್ನ ಆಂಪಿಯರ್‌ನಿಂದ ಭಾಗಿಸಿದ್ರೆ ರಾಡ್ ಒಳಗಿನ ಕಾಯಿಲ್ ಕರೆಂಟ್‌ಗೆ ಒಡ್ಡೋ ತಡೆ, 35 ಓಮ್ ಚಿಲ್ಲರೆ. ಗುಣಿಸಿದ್ರೆ ಪವರ್, 918 ವಾಟ್.

ರಾಡ್ ಹಿಡಿ ಮೇಲೆ ಅಚ್ಚಾಗಿರೋದು 230 ವೋಲ್ಟ್, 1500 ವಾಟ್. 230ರ ವರ್ಗವನ್ನ 1500ರಿಂದ ಭಾಗಿಸಿದ್ರೆ ಇರಬೇಕಾದ ತಡೆ ಸಿಗುತ್ತೆ, ನೋಡಿದೆ. ಅದೇ 35 ಚಿಲ್ಲರೆ!

ಕಾಯಿಲ್ ಗಟ್ಟಿಮುಟ್ಟಾಗೇ ಇದೆ. ಸೊರಗಿರೋದು ವೋಲ್ಟೇಜು.

ವೋಲ್ಟೇಜ್ ಕಾಲುಭಾಗನೂ ಇಳಿದಿಲ್ಲ, ಆದ್ರೆ ಬಿಸಿ ಐದರಲ್ಲಿ ಎರಡು ಪಾಲು ಮಾಯ. ವೋಲ್ಟೇಜ್ ಇಳಿದ್ರೆ ಕರೆಂಟೂ ಜೊತೆಗೇ ಇಳಿಯುತ್ತಲ್ಲ, ಏಟು ಎರಡು ಸಲ ಬೀಳುತ್ತೆ. 20 ಲೀಟರ್ ನೀರು 25 ಡಿಗ್ರಿಯಿಂದ 50ಕ್ಕೆ ಏರೋಕೆ 23 ನಿಮಿಷ ಸಾಕಾಗಿತ್ತು, ಈಗ 38.

ಕೊರತೆ ಎಲ್ಲೋ ಇರುತ್ತೆ, ಬೈಗುಳ ಮಾತ್ರ ಕಣ್ಣೆದುರಿಗೆ ಇರೋದಕ್ಕೆ. ಮನುಷ್ಯರ ವಿಷಯದಲ್ಲೂ ಎಷ್ಟು ಸಲ ಹೀಗೇ ಮಾಡ್ತೀವೋ ಅನ್ನಿಸ್ತು.

ವೋಲ್ಟು, ಆಂಪಿಯರ್ ಎರಡೂ ಅಂಕಿ ಚೀಟಿಯಲ್ಲಿ ಬರೆದಿಟ್ಟಿದ್ದೀನಿ, ಲೈನ್‌ಮನ್‌ಗೆ ತೋರಿಸೋಕೆ. ನಿಮ್ಮನೇಲೂ ನೀರು ತಡ ಆಗ್ತಿದ್ರೆ, ರಾಡ್ ಎಸೆಯೋ ಮುಂಚೆ ವೋಲ್ಟೇಜ್ ನೋಡಿಸಿ.