ಮಳೆಗಾಲದಲ್ಲಿ ಟೆಂಟ್ ಇರಲಿಲ್ಲ

ಚಿತ್ರಕಥೆ ಬರೆಯುವ ನನ್ನ ಮೇಲೆ ಯಾವ ಚಿತ್ರಗಳು ಪ್ರಭಾವ ಬೀರಿದವು ಎಂಬುದನ್ನು ಬರೆದುಕೊಡಿ ಎಂದು ನಮ್ಮ ಪ್ರೌಢಶಾಲೆಯ ಸಂಚಿಕೆಯ ಸಂಪಾದಕರು ಕೇಳಿದ್ದಾರೆ. ದೊಡ್ಡ ನಿರ್ದೇಶಕರ ಹೆಸರುಗಳನ್ನು ಹೇಳಿದರೆ ಲೇಖನಕ್ಕೆ ತೂಕ ಬರುತ್ತದೆ, ನಿಜ. ಆದರೆ ಇಲ್ಲಿ ಓದುವಾಗ ನಾನು ನೋಡಿದ ಸಿನಿಮಾಗಳಿಗಿಂತ ನೋಡಲಾಗದ ಸಿನಿಮಾಗಳೇ ಹೆಚ್ಚು. ನನಗೆ ಕಸುಬು ಕಲಿಸಿದ್ದೂ ಅವೇ.

ತೀರ್ಥಹಳ್ಳಿ ಸೀಮೆಯ ಮಳೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟೂರಿಂಗ್ ಟಾಕೀಸಿನವರು ಕೊಯ್ಲು ಮುಗಿದ ಗದ್ದೆಯಲ್ಲಿ ಟೆಂಟ್ ಹಾಕುತ್ತಿದ್ದರು, ಮುಂಗಾರಿನ ಮೋಡ ಕಂಡೊಡನೆ ಬಿಚ್ಚಿಕೊಂಡು ಹೊರಡುತ್ತಿದ್ದರು. ಅಲ್ಲಿಂದ ದೀಪಾವಳಿ ಕಳೆಯುವವರೆಗೆ ನಮ್ಮ ಪಾಲಿಗೆ ಸಿನಿಮಾ ಎಂದರೆ ಭದ್ರಾವತಿ ಆಕಾಶವಾಣಿ. 1965ರಲ್ಲಿ ಶುರುವಾದ ಆ ನಿಲಯ 675 ಕಿಲೋಹರ್ಟ್ಸ್‌ನಲ್ಲಿ ಸಿಗುತ್ತಿತ್ತು. ನಮ್ಮ ಮನೆಯ ರೇಡಿಯೊದ ಮುಳ್ಳು ಅಲ್ಲಿಂದ ಕದಲಿದ್ದನ್ನು ನಾನು ಕಾಣೆ. ರೇಡಿಯೊ ದೊಡ್ಡಪ್ಪನದು. ಕೃಷಿರಂಗ, ಪ್ರದೇಶ ಸಮಾಚಾರ, ಅಡಿಕೆ ಧಾರಣೆ ಇವಿಷ್ಟು ಅವರಿಗೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಧಾರಣೆ ಓದಿ ಮುಗಿಸುವವರೆಗೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಚಿತ್ರಗೀತೆಗೆ ಸೆಲ್ ಖರ್ಚು ಮಾಡುವುದು ದಂಡ ಎಂಬುದು ಅವರ ಮತ. ಹಾಗಾಗಿ ಅವರು ಬಿಸಾಡಿದ ಸೆಲ್ಲುಗಳನ್ನು ಬಚ್ಚಲೊಲೆಯ ಪಕ್ಕ ಬೆಚ್ಚಗೆ ಇಟ್ಟು, ಅವುಗಳಿಗೆ ಮರಳಿ ಬಂದ ಅಲ್ಪಾಯುಷ್ಯದಲ್ಲಿ ನಾನೂ ಅಕ್ಕನೂ ಹಾಡು ಕೇಳುತ್ತಿದ್ದೆವು.

ಉದ್ಘೋಷಕಿ ಚಿತ್ರದ ಹೆಸರು, ಹಾಡಿದವರು, ಬರೆದವರು, ಸಂಗೀತ ನೀಡಿದವರು ಎಂದು ಹೇಳಿ, ಬಳಿಕ ಕೋರಿಕೆ ಕಳಿಸಿದವರ ಊರು, ಹೆಸರು ಓದುತ್ತಿದ್ದರು. ಹಾಡು ಬರುತ್ತಿತ್ತು, ಹೋಗುತ್ತಿತ್ತು. ಅದಕ್ಕೆ ಮೊದಲು ಏನಾಯಿತು, ಅವಳು ಏಕೆ ಅಳುತ್ತಿದ್ದಾಳೆ ಎಂದು ಯಾರೂ ಹೇಳುತ್ತಿರಲಿಲ್ಲ. ಮಿಂಚಿದರೆ ರೇಡಿಯೊ ಗರಗರ ಎಂದು ಚರಣದ ಅರ್ಧ ಸಾಲು ಕೊಚ್ಚಿ ಹೋಗುತ್ತಿತ್ತು. ಆ ಸಾಲನ್ನೂ ಆ ಕಥೆಯನ್ನೂ ನಾವೇ ಕಟ್ಟಿಕೊಳ್ಳಬೇಕಿತ್ತು. ಅಕ್ಕನ ಕಥೆಗಳಲ್ಲಿ ಮದುವೆ ಖಚಿತ, ನನ್ನವುಗಳಲ್ಲಿ ಸಾವು.

ಶಿವಮೊಗ್ಗ ಸುಬ್ಬಣ್ಣನವರಿಗೆ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದಾಗ ದೊಡ್ಡಪ್ಪ ಕೂಡ ಮಣಿದರು. ಹೊಸನಗರ ತಾಲ್ಲೂಕಿನ ನಗರದವರಲ್ಲವೇ, ಸೆಲ್ ಹೋದರೆ ಹೋಗಲಿ! ಆ ಹಾಡಿಗೆ ನಾನು ಕಟ್ಟಿದ ಕಥೆಯಲ್ಲಿ ಕುದುರೆ ನಮ್ಮ ತೋಟದ ಬೇಲಿ ಮುರಿದು ನುಗ್ಗುತ್ತದೆ, ದೊಡ್ಡಪ್ಪ ದೋಟಿ ಹಿಡಿದು ಅಟ್ಟುತ್ತಾರೆ. ಚಿತ್ರ ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಹಾಡು ಬರೆದ ಚಂದ್ರಶೇಖರ ಕಂಬಾರರೇ ಅದರ ನಿರ್ದೇಶಕರು. ಬೆಳಗಾವಿ ಕಡೆಯ ಅವರ ಕಲ್ಪನೆಗೆ ನಮ್ಮ ಅಡಿಕೆ ತೋಟ ಏಕೆ ಬರಬೇಕು?

ಒಂಬತ್ತನೇ ತರಗತಿಯ ಕೋಣೆಗೆ ಆಗ ಜಿಂಕ್ ಶೀಟಿನ ಮಾಡು. ಆರಿದ್ರಾ ಮಳೆ ಹಿಡಿಯಿತೆಂದರೆ ಪಾಠ ಮೊದಲ ಬೆಂಚಿಗೂ ಕೇಳಿಸುತ್ತಿರಲಿಲ್ಲ. ನಮ್ಮ ಕನ್ನಡ ಮೇಷ್ಟ್ರು ಪುಸ್ತಕ ಮಡಚಿಟ್ಟು, ಬೆಂಚುಗಳ ನಡುವೆ ಓಡಾಡುತ್ತ ನೋಟ್ಸ್ ನೋಡುತ್ತಿದ್ದರು. ಹಾಗೆ ನೋಡುವಾಗ ನನ್ನ ಪುಸ್ತಕದ ಹಿಂಬದಿಯ ಹಾಳೆಗಳು ಅವರ ಕೈಗೆ ಸಿಕ್ಕವು. ಹಾಡಿನ ಪಲ್ಲವಿ, ಅದರ ಕೆಳಗೆ ನನ್ನ ಕಥೆ. ಬೆನ್ನಿಗೆ ಬಿತ್ತು ಎಂದುಕೊಂಡೆ. ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು: ‘ಇವಳು ಹಾಡುವಾಗ ಒಲೆಯ ಮೇಲೆ ಏನಿತ್ತು? ಯಾರು ಕೇಳಿಸಿಕೊಂಡರು?’ ನಾನು ‘ಅವಳ ದುಃಖ ಹೇಳತೀರದು’ ಎಂದು ಬರೆದಿದ್ದೆ. ಗಂಜಿ ಉಕ್ಕುತ್ತಿತ್ತು, ಪಕ್ಕದ ಕೋಣೆಯಲ್ಲಿ ಅತ್ತೆ ಎಚ್ಚರವಾಗಿದ್ದಳು ಎಂದು ತಿದ್ದಿ ತೋರಿಸಿದೆ. ಮೇಷ್ಟ್ರು ಏನೂ ಹೇಳದೆ ಮುಂದಿನ ಬೆಂಚಿಗೆ ಹೋದರು. ಚಿತ್ರಕಥೆ ಬರೆಯುವುದು ಹೇಗೆಂಬ ಪುಸ್ತಕಗಳನ್ನು ಆಮೇಲೆ ದುಡ್ಡು ಕೊಟ್ಟು ಓದಿದ್ದೇನೆ. ಈ ಎರಡು ಪ್ರಶ್ನೆಗಳಷ್ಟು ಉಪಯೋಗಕ್ಕೆ ಬಂದದ್ದು ಅವುಗಳಲ್ಲಿ ಕಡಿಮೆ.

ಇನ್ನೊಂದು ಪಾಠ ಅಂಟಿಗೆ ಪಂಟಿಗೆಯವರದು. ದೀಪಾವಳಿಯ ರಾತ್ರಿಗಳಲ್ಲಿ ದೀಪ ಆರದಂತೆ ಕಾದುಕೊಂಡು ಮನೆಯಿಂದ ಮನೆಗೆ ಹಾಡುತ್ತ ಬರುವ ತಂಡ ಇಂದಿನ ವಿದ್ಯಾರ್ಥಿಗಳಿಗೂ ಪರಿಚಯವಿರಬೇಕು. ಮೊದಲು ತೋಟದಾಚೆ ನಾಯಿ ಬೊಗಳುತ್ತದೆ. ಆಮೇಲೆ ದನಿ, ಪದ ತಿಳಿಯದ ಬರಿಯ ದನಿ. ಅಂಗಳಕ್ಕೆ ಬಂದ ಮೇಲೆ ಬಾಗಿಲು ತೆಗೆಸುವ ಹಾಡು: ಇಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ನಮ್ಮ ದೊಡ್ಡಮ್ಮ ಆಗಲೇ ಎಣ್ಣೆ, ಅಕ್ಕಿ, ಅಡಿಕೆ ಹಿಡಿದು ಬಾಗಿಲ ಹಿಂದೆ ನಿಂತಿರುತ್ತಿದ್ದರು. ಆದರೂ ತೆಗೆಯುತ್ತಿರಲಿಲ್ಲ. ‘ತಡೀರೋ, ಹಾಡು ಮುಗಿಯಲಿ’ ಎಂದು ನಮ್ಮನ್ನು ಗದರುತ್ತಿದ್ದರು. ಹಾಡಿನಲ್ಲಿ ಕರೆಯುವವರು ಹೊರಗೆ, ಕಾಯುವವರು ಒಳಗೆ, ನಡುವೆ ಒಂದು ಹಲಗೆ. ಮುಂದಿನ ದೃಶ್ಯದ ಸದ್ದನ್ನು ಚಿತ್ರಕ್ಕಿಂತ ಮೊದಲೇ ಕೇಳಿಸುವುದಕ್ಕೆ ಸಂಕಲನಕಾರರು ಜೆ ಕಟ್ ಎನ್ನುತ್ತಾರೆ. ಎಡಿಟಿಂಗ್ ಕೋಣೆಯಲ್ಲಿ ಅದನ್ನು ನನಗೆ ಯಾರೋ ವಿವರಿಸತೊಡಗಿದಾಗ, ನಾಯಿ ಬೊಗಳುವುದನ್ನೂ ಸೇರಿಸಿ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿತ್ತು. ಮೇಷ್ಟ್ರು ನಮ್ಮಲ್ಲಿ ಕೆಲವರನ್ನು ಅಲ್ಲಿಗೆ ಕರೆದೊಯ್ದು ‘ಘಟಶ್ರಾದ್ಧ’ ತೋರಿಸಿದರು. 1977ರ ಚಿತ್ರ, ಸ್ವರ್ಣಕಮಲ ಪಡೆದದ್ದು. ನಿರ್ದೇಶಕ ಗಿರೀಶ ಕಾಸರವಳ್ಳಿ ನಮ್ಮ ತಾಲ್ಲೂಕಿನವರೇ, ಸಂಗೀತ ಬಿ.ವಿ. ಕಾರಂತರದು. ಅದರ ಯಾವ ಹಾಡನ್ನೂ ರೇಡಿಯೊದಲ್ಲಿ ಕೇಳಿರಲಿಲ್ಲವಾದ್ದರಿಂದ, ಮೊದಲೇ ಕಥೆ ಕಟ್ಟಿಕೊಳ್ಳದೆ ನಾನು ನೋಡಿದ ಮೊದಲ ಚಿತ್ರ ಅದಿರಬೇಕು. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗರೆಲ್ಲ ನಿದ್ದೆ ಹೋದರು. ಮೇಷ್ಟ್ರೂ ಸಹ.

ಬೆಂಗಳೂರಿನ ಕಥಾಚರ್ಚೆಗಳಲ್ಲಿ ‘ಇಲ್ಲೊಂದು ಹಾಡು ಬರಲಿ’ ಎಂಬ ಮಾತು ಕಾಫಿಗಿಂತ ಮೊದಲು ಬರುತ್ತದೆ. ಟ್ಯೂನ್ ಆಗಲೇ ಸಿದ್ಧವಿರುತ್ತದೆ, ಸಾಹಿತ್ಯ ಅದಕ್ಕೆ ಕೂರುತ್ತದೆ, ಸಂದರ್ಭ ಹುಡುಕುವ ಕೆಲಸ ಕೊನೆಗೆ ನನ್ನ ಪಾಲಿಗೆ. ಸಹೋದ್ಯೋಗಿಗಳು ಇದನ್ನು ಅವಮಾನ ಎನ್ನುತ್ತಾರೆ. ಬಚ್ಚಲೊಲೆಯ ಪಕ್ಕ ಬೆಳೆದವನಿಗೆ ಹಾಡಿನಿಂದ ಹಿಂದಕ್ಕೆ ನಡೆಯುವುದು ಸಲೀಸು. ಒಲೆಯ ಮೇಲೆ ಏನಿದೆ ಎಂಬುದನ್ನು ಈಗಲೂ ಪ್ರತಿ ಹಾಡಿನ ಮೊದಲ ದೃಶ್ಯದಲ್ಲಿ ಬರೆಯುತ್ತೇನೆ. ನಿರ್ದೇಶಕರು ಆ ಸಾಲು ಹೊಡೆದು ಹಾಕುವುದೇ ಹೆಚ್ಚು. ಕಲಾ ನಿರ್ದೇಶಕರು ಮಾತ್ರ ಫೋನ್ ಮಾಡಿ, ಗಂಜಿ ಮಡಕೆಯಲ್ಲೋ ಕುಕ್ಕರಿನಲ್ಲೋ ಎಂದು ಕೇಳುತ್ತಾರೆ.