ಲೆಕ್ಕಕ್ಕೆ ಸಿಗದೆ ಹೋದ ಆಮ್ಲಜನಕ

ನಾನು ರೆಸ್ಪಿರೇಟರಿ ಥೆರಪಿಸ್ಟ್, ಅಂದರೆ ರೋಗಿಗಳ ಉಸಿರಾಟದ ಚಿಕಿತ್ಸೆ ನೋಡಿಕೊಳ್ಳುವವನು. ಕೆಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಶ್ವಾಸಕೋಶ ವಾರ್ಡಿನಲ್ಲಿ, ರೋಗಿಗಳಿಗೆ ಆಮ್ಲಜನಕವನ್ನು ಹೇಗೆ ಕೊಡುತ್ತಿದ್ದೇವೆ ಎಂಬುದರ ಬಗ್ಗೆ ಒಂದು ಸಣ್ಣ ಆಡಿಟ್ ನಡೆಸಿದೆವು. ಅದರ ನಮೂನೆಯನ್ನು ಸಿದ್ಧಪಡಿಸಿದವನು ನಾನು. ಅದರಲ್ಲಿದ್ದ ದೋಷವೂ ನನ್ನದೇ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಬಹುದೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ವಾರ್ಡಿಗೆ ಬರುವವರಲ್ಲಿ ಬಹಳಷ್ಟು ಮಂದಿ ಸಿಒಪಿಡಿ ರೋಗಿಗಳು, ಅಂದರೆ ಶ್ವಾಸನಾಳಗಳು ಕಿರಿದಾಗಿ ಗಾಳಿಯ ಹರಿವಿಗೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರು. ಬೀಡಿ ಸೇದಿದ ಗಂಡಸರಷ್ಟೇ ಅಲ್ಲ, ಜೀವನದಲ್ಲಿ ಒಮ್ಮೆಯೂ ಬೀಡಿ ಮುಟ್ಟದೆ ಮೂವತ್ತು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ಅಡುಗೆ ಮಾಡಿದ ಹೆಂಗಸರೂ ಅವರಲ್ಲಿರುತ್ತಾರೆ. ದಮ್ಮು ಹೆಚ್ಚಾಗಿ ದಾಖಲಾದ ಇಂಥವರಿಗೆ ಸ್ಯಾಚುರೇಷನ್ (ರಕ್ತದ ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ತುಂಬಿಕೊಂಡಿರುವ ಪಾಲು) ಶೇಕಡಾ 88ರಿಂದ 92ರ ನಡುವೆ ಇರುವಂತೆ ನೋಡಿಕೊಂಡು, ಅದಕ್ಕೆ ಬೇಕಾದಷ್ಟೇ ಆಮ್ಲಜನಕ ಕೊಡಬೇಕು ಎಂಬುದು ಈಗ ಒಪ್ಪಿತ ನಿಯಮ. ಅತಿಯಾದ ಆಮ್ಲಜನಕ ಅವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡನ್ನು ಏರಿಸುತ್ತದೆ. ಉಸಿರಾಡುವ ಪ್ರಚೋದನೆ ತಗ್ಗುವುದರಿಂದಲೇ ಹೀಗಾಗುತ್ತದೆ ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಅದು ಕಾರಣದ ಒಂದು ಪಾಲು ಮಾತ್ರ. ಗಾಳಿ ಸರಿಯಾಗಿ ತಲುಪದ ಭಾಗಗಳಿಗೆ ರಕ್ತ ಹೋಗದಂತೆ ಸಂಕುಚಿತಗೊಂಡಿದ್ದ ಶ್ವಾಸಕೋಶದ ರಕ್ತನಾಳಗಳು ಹೆಚ್ಚಿನ ಆಮ್ಲಜನಕದಿಂದ ಸಡಿಲಗೊಂಡು, ರಕ್ತ ವ್ಯರ್ಥವಾಗಿ ಅತ್ತ ಹರಿಯತೊಡಗುವುದು ಇನ್ನೊಂದು ಕಾರಣ. ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ಕಾರ್ಬನ್ ಡೈಆಕ್ಸೈಡನ್ನು ಮೊದಲಿನಷ್ಟು ಹೊರಲಾರದು ಎಂಬ ಹಾಲ್ಡೇನ್ ಪರಿಣಾಮ ಮತ್ತೊಂದು.

ಆಡಿಟ್ ಮಾಡಲು ನಮ್ಮನ್ನು ಪ್ರೇರೇಪಿಸಿದ್ದು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಡೆದ ಅಧ್ಯಯನ. ಆಂಬುಲೆನ್ಸ್‌ನಲ್ಲಿ ಬರುತ್ತಿದ್ದ 405 ರೋಗಿಗಳಲ್ಲಿ ಒಂದು ಗುಂಪಿಗೆ ಎಂದಿನಂತೆ ಮಾಸ್ಕ್ ಮೂಲಕ ನಿಮಿಷಕ್ಕೆ 8ರಿಂದ 10 ಲೀಟರ್ ಆಮ್ಲಜನಕ, ಇನ್ನೊಂದು ಗುಂಪಿಗೆ ಮೂಗಿನ ಕೊಳವೆಯಲ್ಲಿ 88–92ರ ಗುರಿಯಿಟ್ಟು ಅಳೆದು ಕೊಟ್ಟ ಆಮ್ಲಜನಕ. ಮೊದಲ ಗುಂಪಿನಲ್ಲಿ ಶೇಕಡಾ 9ರಷ್ಟಿದ್ದ ಸಾವು ಎರಡನೆಯದರಲ್ಲಿ ಶೇಕಡಾ 4ರಷ್ಟಿತ್ತು; ಸಿಒಪಿಡಿ ಖಚಿತವಾಗಿದ್ದವರನ್ನಷ್ಟೇ ತೆಗೆದುಕೊಂಡರೆ 9 ಮತ್ತು 2. ಯಾವ ಹೊಸ ಔಷಧವೂ ಇಲ್ಲದೆ, ಆಮ್ಲಜನಕದ ಹರಿವನ್ನು ಅಳೆಯುವ ಫ್ಲೋ ಮೀಟರಿನ ತಿರುಪನ್ನು ಹಿಂದಕ್ಕೆ ತಿರುಗಿಸಿದ್ದರಿಂದ ಬಂದ ವ್ಯತ್ಯಾಸವಿದು ಎಂದು ಬೆರಗಾಗಿ, ಫಲಿತಾಂಶದ ಕೋಷ್ಟಕವನ್ನು ಮುದ್ರಿಸಿ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿದೆ.

ನಮ್ಮ ನಮೂನೆ ಸರಳವಾಗಿತ್ತು. ಕೇಸ್ ಶೀಟಿನಲ್ಲಿ ವೈದ್ಯರು ಗುರಿಯನ್ನು ಬರೆದಿದ್ದಾರೆಯೇ, ಯಾವ ಸಾಧನ, ಎಷ್ಟು ಲೀಟರ್, ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಗಂಟೆಗೆ ಸ್ಯಾಚುರೇಷನ್ ಎಷ್ಟು: ಇಷ್ಟೇ. ಆರಂಭದಲ್ಲಿ ಹೆಚ್ಚಿನ ಹಾಳೆಗಳಲ್ಲಿ ಗುರಿಯ ಉಲ್ಲೇಖವೇ ಇರಲಿಲ್ಲ. 98, 99 ಎಂಬ ಅಂಕಿಗಳನ್ನು ಒಳ್ಳೆಯ ಸುದ್ದಿಯಂತೆ ಬರೆದಿಡುತ್ತಿದ್ದರು. ಎರಡು ಮೂರು ತಿಂಗಳ ತರಬೇತಿಯ ನಂತರ ಗುರಿ ಬರೆಯುವುದು ರೂಢಿಯಾಯಿತು, ಅಂಕಿಗಳೂ 90ರ ಆಸುಪಾಸಿಗೆ ಇಳಿದವು. ವಾರ್ಡಿನ ಸಭೆಯಲ್ಲಿ ಅದನ್ನು ಓದಿ ಹೇಳಿ ಚಪ್ಪಾಳೆಯನ್ನೂ ಪಡೆದೆ.

ಆಮೇಲೆ ಒಬ್ಬ ಅಜ್ಜಿ ದಾಖಲಾದರು. ಎಪ್ಪತ್ತು ದಾಟಿದವರು, ಸೌದೆ ಒಲೆಯ ಹೊಗೆ ಕುಡಿದ ಶ್ವಾಸಕೋಶ. ನಿಮಿಷಕ್ಕೆ ಒಂದು ಲೀಟರ್, ಗುರಿ 88–92, ಎಲ್ಲವೂ ಶೀಟಿನಲ್ಲಿ ಅಚ್ಚುಕಟ್ಟಾಗಿತ್ತು. ರಾತ್ರಿ ಹತ್ತರ ಅಂಕಿ 91. ಬೆಳಗಿನ ಜಾವ ಐದರ ಹೊತ್ತಿಗೆ ನಾನು ರೌಂಡ್ಸ್‌ಗೆ ಬಂದಾಗ ಪಕ್ಕದಲ್ಲಿ ಕುಳಿತಿದ್ದ ಮಗ, "ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಸಾರ್, ಈಗ ನೆಮ್ಮದಿಯಾಗಿ ಮಲಗಿದ್ದಾರೆ, ಎಬ್ಬಿಸಬೇಡಿ" ಎಂದರು. ನನಗೂ ಸಮಾಧಾನವಾಯಿತು, ಮುಂದಿನ ಹಾಸಿಗೆಗೆ ಹೋದೆ. ಮಾಸ್ಕ್ ಹಾಕಿರುವುದನ್ನು ನೋಡಿಯೂ ಅದೇಕೆ ಎಂದು ಯೋಚಿಸಲಿಲ್ಲ. ಆರು ಗಂಟೆಗೆ ಸಿಸ್ಟರ್ ಕರೆದರು: ಸ್ಯಾಚುರೇಷನ್ 99, ಕೈ ಬೆಚ್ಚಗಿದೆ, ನಾಡಿ ಬಿರುಸಾಗಿದೆ, ಭುಜ ಅಲುಗಿಸಿದರೆ ಗೊಣಗಿ ಮತ್ತೆ ಮಂಪರಿಗೆ ಜಾರುತ್ತಿದ್ದಾರೆ. ಅಪಧಮನಿಯ ರಕ್ತದಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆ ಮಾಡಿದಾಗ, 35ರಿಂದ 45ರ ನಡುವೆ ಇರಬೇಕಾದ ಕಾರ್ಬನ್ ಡೈಆಕ್ಸೈಡ್ 80ರ ಸಮೀಪವಿತ್ತು. ಅದು ನಿದ್ದೆಯಾಗಿರಲಿಲ್ಲ.

ಇಂಥ ಸಂದರ್ಭದಲ್ಲಿ ಆಮ್ಲಜನಕವನ್ನು ಒಮ್ಮೆಲೇ ನಿಲ್ಲಿಸಿಬಿಡುವ ಆತುರ ಹುಟ್ಟುತ್ತದೆ. ಹಾಗೆ ಮಾಡಬಾರದು, ಶ್ವಾಸಕೋಶದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುವಾಗ ಆಮ್ಲಜನಕ ಕಿತ್ತರೆ ಸ್ಯಾಚುರೇಷನ್ ಮೊದಲಿದ್ದುದಕ್ಕಿಂತಲೂ ಕೆಳಕ್ಕೆ ಕುಸಿಯುತ್ತದೆ. ಆಮ್ಲಜನಕದ ಪ್ರಮಾಣವನ್ನು ನಿಗದಿಯಾಗಿ ಕೊಡುವ ವೆಂಚುರಿ ಮಾಸ್ಕ್‌ನಲ್ಲಿ ಶೇಕಡಾ 28ಕ್ಕೆ ಇಳಿಸಿ, ವೈದ್ಯರ ಸೂಚನೆಯಂತೆ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಆರಂಭಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟು ಕಾಫಿ ಕೇಳಿದರು.

ಒಂದು ಲೀಟರ್ ಆಮ್ಲಜನಕದಲ್ಲಿ 99 ಹೇಗೆ ಬಂತು ಎಂಬುದು ವಿಚಾರಿಸಿದಾಗ ತಿಳಿಯಿತು. ರಾತ್ರಿ ಹತ್ತರ ಅಂಕಿ ಬರೆದ ಮೇಲೆ ನೆಬ್ಯುಲೈಸೇಷನ್, ಅಂದರೆ ದ್ರವ ಔಷಧವನ್ನು ಸಣ್ಣ ಹನಿಗಳ ಮಂಜಾಗಿಸಿ ಉಸಿರಿನೊಂದಿಗೆ ಕೊಡುವ ಚಿಕಿತ್ಸೆ, ಕೊಟ್ಟಿದ್ದರು. ಹಾಸಿಗೆಯ ತಲೆಯ ಬಳಿ ಇರುವುದು ಒಂದೇ ಫ್ಲೋ ಮೀಟರ್. ಮೂಗಿನ ಕೊಳವೆಯನ್ನು ಕಳಚಿ, ನೆಬ್ಯುಲೈಸರ್ ಮಾಸ್ಕ್ ಸಿಕ್ಕಿಸಿ, ಔಷಧ ಮಂಜಾಗಲೆಂದು 8 ಲೀಟರ್‌ಗೆ ಏರಿಸಿದ್ದರು. ಔಷಧ ಹತ್ತು ನಿಮಿಷದಲ್ಲಿ ಮುಗಿದಿತ್ತು, ಮಾಸ್ಕ್ ಹಾಗೆಯೇ ಉಳಿದಿತ್ತು. ಆ ಸಿಸ್ಟರ್ ಅದೇ ಹೊತ್ತಿನಲ್ಲಿ ಬಂದ ಇನ್ನೊಂದು ಅಡ್ಮಿಷನ್‌ಗೆ ಓಡಿದ್ದರು. ಅವರನ್ನು ದೂರಲು ನನಗೆ ಬಾಯಿರಲಿಲ್ಲ, ಏಕೆಂದರೆ ಮಾಸ್ಕ್ ನೋಡಿಯೂ ಸುಮ್ಮನೆ ಹೋದವನು ನಾನು. ಅದಕ್ಕಿಂತ ಮುಖ್ಯವಾಗಿ, ನನ್ನ ನಮೂನೆಯಲ್ಲಿ ನೆಬ್ಯುಲೈಸೇಷನ್‌ಗೆ ಒಂದು ಅಂಕಣವೇ ಇರಲಿಲ್ಲ. ದಿನಕ್ಕೆ ನಾಲ್ಕು ಬಾರಿ, ಪ್ರತಿ ಬಾರಿಯೂ 8 ಲೀಟರ್‌ನಂತೆ, ನಮ್ಮ ಬಹುಪಾಲು ರೋಗಿಗಳು ಸೇವಿಸುತ್ತಿದ್ದ ಆಮ್ಲಜನಕ ನಮ್ಮ ಲೆಕ್ಕದಿಂದ ಹೊರಗಿತ್ತು. ಆ ಚಪ್ಪಾಳೆ ನಾವು ಅಳೆಯಲು ಆರಿಸಿಕೊಂಡಿದ್ದ ಮೂರು ಹೊತ್ತಿಗೆ ಮಾತ್ರ ಸಲ್ಲುತ್ತಿತ್ತು.

ಆ ರಾತ್ರಿ ಟಾಸ್ಮೇನಿಯಾದ ಲೇಖನವನ್ನು ಮೊದಲಿನಿಂದ ಓದಿದೆ. ವಿಧಾನವನ್ನು ವಿವರಿಸುವ ಭಾಗದಲ್ಲಿ, ಅಳೆದು ಆಮ್ಲಜನಕ ಕೊಟ್ಟ ಗುಂಪಿನವರಿಗೆ ನೆಬ್ಯುಲೈಸೇಷನ್ ಅನ್ನು ಆಮ್ಲಜನಕದಿಂದಲ್ಲದೆ ಒತ್ತಡದ ಗಾಳಿಯಿಂದ ಕೊಡಲಾಗಿತ್ತು ಎಂದು ಸ್ಪಷ್ಟವಾಗಿ ಬರೆದಿತ್ತು. ಸಾವಿನ ಪ್ರಮಾಣವನ್ನು ಇಳಿಸಿದ ಚಿಕಿತ್ಸೆ ಕೊಳವೆ ಮತ್ತು ಗಾಳಿಯ ನೆಬ್ಯುಲೈಸರ್ ಎರಡನ್ನೂ ಒಳಗೊಂಡಿತ್ತು. ನಾನು ಗೋಡೆಗೆ ಅಂಟಿಸಿದ್ದು ಫಲಿತಾಂಶವನ್ನು, ವಾರ್ಡಿಗೆ ತಂದಿದ್ದು ಅರ್ಧ ವಿಧಾನವನ್ನು.

ಬದಲಾವಣೆ ಸುಲಭವಾಗಿ ಆಗಲಿಲ್ಲ. ಒತ್ತಡದ ಗಾಳಿ ಕೊಡುವ ಕಂಪ್ರೆಸರ್ ಯಂತ್ರವನ್ನು ಹುಡುಕಿ ತರಬೇಕು, ಅದು ಗುರುಗುಟ್ಟುತ್ತದೆ, ಅದಕ್ಕೆ ಕರೆಂಟ್ ಬೇಕು. ಗೋಡೆಯ ಆಮ್ಲಜನಕ ಕೈಗೆಟುಕುವಲ್ಲೇ ಇರುತ್ತದೆ. ಸಿಸ್ಟರ್‌ಗಳ ಈ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಎರಡು ಯಂತ್ರಗಳನ್ನು ಸಿಒಪಿಡಿ ಹಾಸಿಗೆಗಳ ಬಳಿಯೇ ಇಟ್ಟೆವು. ಅದು ಸಿಗದಿದ್ದಾಗ ಆಮ್ಲಜನಕದಲ್ಲೇ ಕೊಟ್ಟರೂ ಆರು ನಿಮಿಷಕ್ಕೆ ನಿಲ್ಲಿಸಬೇಕು, ಔಷಧದ ಹೆಚ್ಚಿನ ಪಾಲು ಅಷ್ಟರಲ್ಲಿ ಒಳಗೆ ಹೋಗಿರುತ್ತದೆ, ಎಂದು ನಿಗದಿಪಡಿಸಿದೆವು. ನಮೂನೆಗೆ ಎರಡು ಅಂಕಣ ಸೇರಿದವು: ನೆಬ್ಯುಲೈಸೇಷನ್ ಗಾಳಿಯಿಂದಲೋ ಆಮ್ಲಜನಕದಿಂದಲೋ, ಮತ್ತು ಮುಗಿದ ಹದಿನೈದು ನಿಮಿಷಕ್ಕೆ ಫ್ಲೋ ಮೀಟರಿನ ಗುಂಡು ಎಷ್ಟರಲ್ಲಿದೆ. ಎರಡನೆಯದನ್ನು ಆದೇಶ ನೋಡಿ ನಕಲು ಮಾಡದೆ, ಮೀಟರ್ ನೋಡಿಯೇ ಬರೆಯಬೇಕು.

ಇದರ ಜೊತೆಗೆ, ಬೆರಳಿಗೆ ಸಿಕ್ಕಿಸಿ ಸ್ಯಾಚುರೇಷನ್ ಅಳೆಯುವ ಆಕ್ಸಿಮೀಟರಿನ ಬಗ್ಗೆಯೂ ಒಂದು ಮಾತು. 2020ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು, ಕಪ್ಪು ಜನಾಂಗದ ರೋಗಿಗಳಲ್ಲಿ ಈ ಸಾಧನ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸಿ, ಆಮ್ಲಜನಕದ ಕೊರತೆಯನ್ನು ಮರೆಮಾಚುವ ಸಂಭವ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು ಕಂಡುಕೊಂಡಿತು. ನಮ್ಮ ರೋಗಿಗಳ ಮೈಬಣ್ಣವನ್ನು ನೆನೆದರೆ 88 ಎಂಬ ಅಂಕಿಯನ್ನು ಕಣ್ಣುಮುಚ್ಚಿ ನಂಬಲು ನನಗೆ ಧೈರ್ಯವಿಲ್ಲ. ಆದ್ದರಿಂದ 90ರ ಕೆಳಗೆ ನಿಂತವರಿಗೂ, ಎಷ್ಟೇ ಅಂಕಿ ಇದ್ದು ಮಂಪರಿನಲ್ಲಿರುವವರಿಗೂ ಎಬಿಜಿ ಕೇಳುತ್ತೇನೆ. ಬೆಳಗಿನ ಜಾವ ಯಾರಾದರೂ ನೆಮ್ಮದಿಯಾಗಿ ಮಲಗಿದ್ದಾರೆ ಎಂದರೆ, ಮನೆಯವರಿಗೆ ಬೇಸರವಾದರೂ ಸರಿ, ಎಬ್ಬಿಸಿ ಹೆಸರು ಕೇಳುತ್ತೇನೆ.